ಹೊರಗೆ ವಾಲಿದ ಗಾಲಿಗಳು

ಹುಮನಾಬಾದಿನಿಂದ ಕಲ್ಯಾಣಕ್ಕೆ ಬರುವಾಗ ರಾಜೇಶ್ವರ ದಾಟಿದ ಮೇಲೆ ಹೆದ್ದಾರಿ ಬಲಕ್ಕೆ ಹೊರಳುತ್ತಿತ್ತು. ಆಮೇಲೆ ರಸ್ತೆ ಅಗಲ ಮಾಡುವಾಗ ಅದನ್ನು ನೆಟ್ಟಗೆ ಎಳೆದುಬಿಟ್ಟರು; ಈಗ ತಿರುವು ಇದ್ದ ಜಾಗವನ್ನು ತೋರಿಸು ಎಂದರೆ ನನಗೂ ಕಷ್ಟ. ನಾನು ಹೇಳುತ್ತಿರುವುದು ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿನ ಮಾತು. ಆ ತಿರುವಿನಲ್ಲಿ ನಮ್ಮ ಮನೆಯ ಕಾರು ರಸ್ತೆ ಬಿಟ್ಟು ತೊಗರಿ ಹೊಲಕ್ಕೆ ಇಳಿಯಿತು. ಓಡಿಸುತ್ತಿದ್ದವರು ನನ್ನ ಗಂಡ. ಅವರ ಪಕ್ಕದಲ್ಲಿ ಮಾವ. ಹಿಂದಿನ ಸೀಟಿನಲ್ಲಿ, ಉದ್ದಿನ ಚೀಲಗಳಿಗೆ ಒತ್ತಿಕೊಂಡು, ನಾನು.

ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ಮುಂದಿನ ಜಗಳವೆಲ್ಲ ಅದರ ಮೇಲೆಯೇ ನಡೆಯಿತು.

ಕಾರಿನಲ್ಲಿ ಕುಳಿತರೆ ನನಗೆ ಹೊಟ್ಟೆ ತೊಳಸುತ್ತದೆ. ಪಕ್ಕದ ಕಿಟಕಿ ನೋಡಿದರೆ ಇನ್ನೂ ಹೆಚ್ಚು. ಅದಕ್ಕೆ ಎರಡು ಸೀಟುಗಳ ನಡುವಿನಿಂದ ಮುಂದಿನ ರಸ್ತೆಯನ್ನೇ ನೋಡುತ್ತ ಕೂಡುವುದು ನನ್ನ ರೂಢಿ. ಆ ದಿನ ಮಧ್ಯಾಹ್ನ ತುಂತುರು ಬಿದ್ದು ಡಾಂಬರು ಕಪ್ಪಗೆ ಹೊಳೆಯುತ್ತಿತ್ತು. ತಿರುವು ಬರುವ ಮೊದಲೇ ಗಂಡ ಕಾಲು ಸಡಿಲಿಸಿದರು. ಎಂಜಿನ್ನಿನ ಸದ್ದು ಇಳಿದದ್ದು ನನಗೆ ಕೇಳಿಸಿತು. ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರು. ಕಾರು ತುಸು ಹೊರಳಿದಂತೆ ಮಾಡಿ ಮತ್ತೆ ನೆಟ್ಟಗೆ ನಡೆಯಿತು. ಅವರು ಇನ್ನಷ್ಟು ತಿರುಗಿಸಿದರು. ಎಡಗೈ ಬಲಗೈಯನ್ನು ದಾಟಿ ಆಚೆ ಬಂತು. ಮುಂದಿನ ಎಡಗಾಲಿಯ ಕಡೆಯಿಂದ ಹಸಿ ಚರ್ಮ ಕಲ್ಲಿಗೆ ಉಜ್ಜಿದಂಥ ಸದ್ದು ಬಂತು, ಬಿಡದೆ ಬಂತು. ಕೈಗಳು ಪೂರಾ ಬಲಕ್ಕೆ ಇದ್ದಾಗಲೇ ಕಾರು ಎಡ ಅಂಚು ದಾಟಿ ಕೆಳಗಿಳಿದು ಜಾಲಿ ಗಿಡಕ್ಕೆ ಬಡಿದು ನಿಂತಿತು.

ಗಂಡನ ಕೊರಳಿನಿಂದ ಭುಜಕ್ಕೆ ಬರುವ ಎಲುಬು ಮುರಿದಿತ್ತು. ಅದು ಆಗ ನಮಗೆ ಗೊತ್ತಿರಲಿಲ್ಲ. ಅವರು ಎಡಗೈಯನ್ನು ಎದೆಗೆ ಹಿಡಿದುಕೊಂಡು ಕುಳಿತಿದ್ದರು. ಮಾವನಿಗೆ ಏನೂ ಆಗಿರಲಿಲ್ಲ. ಬಾಗಿಲು ತೆಗೆದು ಇಳಿಯುವ ಮೊದಲೇ ಅವರು ಮಗನ ಕಡೆ ತಿರುಗಿದರು.

"ನಿದ್ದಿ ಹತ್ತಿತ್ತೇನೋ ನಿನಗ?"

"ಇಲ್ಲಪ್ಪಾ. ತಿರುಗಿಸಿದೆ. ತಿರುಗಲಿಲ್ಲ."

"ತಿರುಗಲಿಲ್ಲಂತ. ಗಾಡಿಗೇನು ಸಿಟ್ಟು ಬಂದಿತ್ತೇನು?" ಎಂದು, ಆಮೇಲೆ ಹಿಂದಕ್ಕೆ ನನ್ನ ಕಡೆ ನೋಡಿದರು. "ನೀ ಹಿಂದ ಕುಂತು ಅವನ ತಲಿ ತಿನ್ನಾಕತ್ತಿದ್ದಿ."

ಹುಮನಾಬಾದ್ ಬಿಟ್ಟ ಮೇಲೆ ನಾನು ಬಾಯಿ ತೆರೆದಿರಲಿಲ್ಲ. ತೆರೆದರೆ ವಾಂತಿಯಾಗುವಂತಿತ್ತು. ಅದನ್ನು ಹೇಳುವಷ್ಟರಲ್ಲಿ ರಸ್ತೆಯಿಂದ ಜನ ಇಳಿದು ಬಂದರು, ಮತ್ತು ಮಾವ ಅವರಿಗೂ ಅದನ್ನೇ ಹೇಳಿದರು: ಹುಡುಗ ತೂಕಡಿಸಿದ. ಆ ಸಂಜೆ ಕಲ್ಯಾಣದಲ್ಲಿ ನಮ್ಮ ಓಣಿಗೆಲ್ಲ ಅದೇ ಮಾತು ಗೊತ್ತಾಯಿತು.

ಮಾವ ಘಾಟಬೋರಾಳದ ಕಡೆಯ ಹೊಲಮನೆಯಲ್ಲಿ ಬೆಳೆದವರು. ಆಮೇಲೆ ಹುಮನಾಬಾದಿನ ಗಂಜಿನಲ್ಲಿ, ಅಂದರೆ ದವಸದ ಪೇಟೆಯಲ್ಲಿ, ಕಾಳಿನ ಅಂಗಡಿ ಹಾಕಿ, ಕಲ್ಯಾಣದಲ್ಲಿ ಮನೆ ಕಟ್ಟಿಸಿದರು. ಅತ್ತೆ ಇರಲಿಲ್ಲ, ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಮಾವ, ನನ್ನ ಗಂಡ, ಮೈದುನ, ನಾನು, ನಮ್ಮ ಮಗಳು, ಇಷ್ಟೇ ಜನ. ಮಾವನ ಮುಂದೆ ಎತ್ತಿನಗಾಡಿಯ ವಿಷಯದಲ್ಲಿ ಯಾರ ಮಾತೂ ನಡೆಯುತ್ತಿರಲಿಲ್ಲ. ಬಡಿಗ ಗಾಲಿ ಕೂಡಿಸುವಾಗ ಪಕ್ಕದಲ್ಲಿ ನಿಂತು, ಅಚ್ಚಿನ ತುದಿ ಎಷ್ಟು ಕೆಳಗೆ ಬಾಗಬೇಕು ಎಂದು ಅವರೇ ಹೇಳುತ್ತಿದ್ದರಂತೆ. ನಮ್ಮ ಕಡೆಯ ಗಾಡಿಯ ಗಾಲಿ ಖಾಲಿ ಇರುವಾಗ ನೆಟ್ಟಗೆ ನಿಲ್ಲುವುದಿಲ್ಲ. ಅದರ ತಲೆ, ಅಂದರೆ ಮೇಲಿನ ತುದಿ, ಕೊಂಚ ಹೊರಗೆ ವಾಲಿರುತ್ತದೆ. ಚೀಲ ಹೇರಿದಾಗ ಅಚ್ಚು ಬಗ್ಗಿ ಗಾಲಿ ನೆಟ್ಟಗಾಗುತ್ತದೆ. ನೆಟ್ಟಗೆ ಮಾಡಿಸಿದ ಗಾಲಿ ಭಾರ ಬಿದ್ದಾಗ ಒಳಗೆ ಬಾಗಿ, ಒಳ ಅಂಚು ತಿಂದು ಹಾಳಾಗುತ್ತದೆ. ಇದು ಅವರ ಮಾತು, ಗಾಡಿಯ ಮಟ್ಟಿಗೆ ಖರೆಯಾದ ಮಾತು.

ಕಾರು ಹೈದರಾಬಾದಿನಿಂದ ತಂದದ್ದು, ಬೇರೆಯವರು ಓಡಿಸಿ ಬಿಟ್ಟದ್ದು. ಮುಂದಿನ ಗಾಲಿಗಳೇ ಎಳೆಯುವ ಜಾತಿಯ ಸಣ್ಣ ಬಿಳಿ ಕಾರು. ಅದನ್ನು ನಾವು ಕಾರಿನಂತೆ ಬಳಸಲಿಲ್ಲ. ಕಾಲಿಡುವ ಜಾಗದಲ್ಲೂ ಮಡಿಲಲ್ಲೂ ಚೀಲ ಇರುತ್ತಿದ್ದವು. ಸ್ಪ್ರಿಂಗು ಕುಗ್ಗಿ ಮುಂದಿನ ಟೈರುಗಳ ಒಳ ಅಂಚು ಸವೆಯತೊಡಗಿತು. ಮಾವ ಬಗ್ಗಿ ನೋಡಿದರು, ಗುರುತು ಹಿಡಿದರು. ಹುಮನಾಬಾದಿನಲ್ಲಿ ಹೆದ್ದಾರಿಯ ಬದಿಯಲ್ಲಿದ್ದ ಮಿಸ್ತ್ರಿಯ ಹತ್ತಿರ ಕಾರು ಒಯ್ದು, ಗಾಲಿಗಳ ತಲೆಯನ್ನು ಹೊರಗೆ ವಾಲಿಸು ಎಂದರು. ಆ ದಿನ ತವರಿನಿಂದ ಬರುತ್ತಿದ್ದ ನನ್ನನ್ನು ಬಸ್ ಸ್ಟ್ಯಾಂಡಿನಿಂದ ಹತ್ತಿಸಿಕೊಂಡಿದ್ದರು, ಹಾಗಾಗಿ ನಾನು ಅಲ್ಲಿದ್ದೆ. ಮಿಸ್ತ್ರಿ ಮೊದಲು ನಕ್ಕ. ಇದಕ್ಕೆ ಹಾಗೆ ಸರಿಸುವ ವ್ಯವಸ್ಥೆ ಇಲ್ಲ, ಬೋಲ್ಟಿನ ತೂತು ಅರದಿಂದ ಉಜ್ಜಿ ಉದ್ದ ಮಾಡಬೇಕಾಗುತ್ತದೆ ಎಂದ.

"ಉಜ್ಜು ಮತ್ತ," ಎಂದರು ಮಾವ. "ಗಾಡಿ ಅಂದ್ರ ಗಾಡಿನೇ. ಎತ್ತು ಜಗ್ಗಿದ್ರೇನು, ಇಂಜನ್ ಜಗ್ಗಿದ್ರೇನು."

ಅವನು ಉಜ್ಜಿದ. ಗಾಲಿಗಳು ಹೊರಗೆ ವಾಲಿದವು. ಗಂಡ ಅದರ ನಂತರ ಒಂದೆರಡು ಸಲ ಕಾರು ಮೊದಲಿನಂತೆ ಹೊರಳುವುದಿಲ್ಲ ಎಂದು ಗೊಣಗಿದ್ದರು. ಮಾವ ಟೈರು ತೋರಿಸಿ, ನೋಡು ಒಳಗಿನ ಅಂಚು ತಿನ್ನುವುದು ನಿಂತಿದೆ ಎನ್ನುತ್ತಿದ್ದರು. ನಿಂತಿತ್ತು, ನಿಜ.

ಅಪಘಾತದ ನಂತರ ಕಾರು ಅದೇ ಮಿಸ್ತ್ರಿಯ ಹತ್ತಿರ ಹೋಗಿ, ಮೂತಿ ಬಡಿಸಿಕೊಂಡು ವಾಪಸು ಬಂತು. ಗಾಲಿಗಳನ್ನು ಮೊದಲಿನಂತೆ ಹೊರಗೆ ವಾಲಿಸಿಯೇ ಕೂಡಿಸಬೇಕೆಂದು ಮಾವ ಹೇಳಿ ಕಳಿಸಿದ್ದರು. ಗಂಡನ ಕೈ ಜೋಳಿಗೆಯಲ್ಲಿತ್ತು. ಕೀಲಿ ಮೈದುನನ ಕೈಗೆ ಹೋಯಿತು. ಹೋದದ್ದು ಸುಮ್ಮನೆ ಅಲ್ಲ. ಮಾವ ಅದನ್ನು ಗಂಡನ ಎದುರಿಗೇ ಕೊಟ್ಟರು. "ತಗೋ. ನಿನಗರ ಹಗಲಿ ನಿದ್ದಿ ಬರಂಗಿಲ್ಲ."

ಜೂನ್ ತಿಂಗಳಲ್ಲಿ ಮಗಳ ಶಾಲೆ ಶುರುವಾಗುವುದಿತ್ತು. ಅವಳನ್ನು ಹುಮನಾಬಾದಿನ ಇಂಗ್ಲಿಷ್ ಶಾಲೆಗೆ ಹಾಕಬೇಕೆಂದು ಮಾವನೇ ಹಟ ಹಿಡಿದು ಹೆಸರು ಹಚ್ಚಿಸಿದ್ದರು. ಹೇಗೂ ಅಂಗಡಿಗೆ ದಿನಾ ಕಾರು ಹೋಗುತ್ತದೆ, ಅದರಲ್ಲೇ ಹೋಗುತ್ತಾಳೆ, ಅದರಲ್ಲೇ ಬರುತ್ತಾಳೆ. ಮುಂಜಾನೆ ಮಾವ ಸ್ಟೇರಿಂಗಿಗೆ ವಿಭೂತಿ ಹಚ್ಚುವರು, ಮೈದುನ ಹಾರ್ನ್ ಹೊಡೆಯುವನು, ನಾನು ಮಗಳನ್ನು ಹಿಂದೆ ಕೂಡಿಸಿ ಬಾಗಿಲು ಹಾಕುವೆ. ಸಂಜೆ ಅವರು ಬರುವವರೆಗೆ ನನ್ನ ಕೈ ಕೆಲಸ ಮಾಡುತ್ತಿತ್ತು, ನಾನು ಮಾಡುತ್ತಿರಲಿಲ್ಲ. ಹೋಗುವಾಗ ಆ ತಿರುವು ಎಡಕ್ಕೆ, ಬರುವಾಗ ಬಲಕ್ಕೆ. ಬರುವಾಗಿನದೇ ನನ್ನ ಕಣ್ಣ ಮುಂದೆ ಇರುತ್ತಿತ್ತು.

ನಾನು ಕಾರಿನ ವಿಷಯ ಕಲಿತವಳಲ್ಲ. ನನಗೆ ಗೊತ್ತಾದದ್ದು ಅಂಗಳದಿಂದ. ನಮ್ಮ ಅಂಗಳ ಮಣ್ಣಿನದು, ನಾನೇ ಸಗಣಿಯಿಂದ ಸಾರಿಸುತ್ತಿದ್ದೆ. ಗೇಟಿನ ಒಳಗೆ ಕಾರು ಬರಬೇಕಾದರೆ ಚೂಪಾಗಿ ಹೊರಳಬೇಕು. ಹೊರಳುವಾಗ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲಿ ಬರುವುದಿಲ್ಲ, ಒಳಗಿನಿಂದ ಬರುತ್ತದೆ. ಹಾಗಾಗಿ ಹಸಿ ನೆಲದ ಮೇಲೆ ಎರಡು ಜಾಡು ಬೇರೆಬೇರೆ ಬೀಳುತ್ತಿದ್ದವು. ಹಿಂದಿನ ಗಾಲಿಯ ಜಾಡು ಅಂಗೈಯಷ್ಟು ಅಗಲ, ಎಲ್ಲ ಗೆರೆಗಳೂ ಮೂಡಿರುತ್ತಿದ್ದವು. ಮುಂದಿನ ಗಾಲಿಯದು ಹೊರ ಅಂಚಿನ ಕಡೆ ಆಳವಾಗಿ ಒತ್ತಿ, ಒಳಗಿನ ಕಡೆ ಬರಬರುತ್ತ ಮಾಸಿ ಹೋಗಿರುತ್ತಿತ್ತು. ಒಂದು ದಿನ ಕಂಡಿದ್ದರೆ ಬಿಟ್ಟುಬಿಡುತ್ತಿದ್ದೆ. ದಿನಾ ಹಾಗೇ ಇತ್ತು. ಮುಂದಿನ ಗಾಲಿಗಳು ನೆಲವನ್ನು ಪೂರ್ತಿ ಹಿಡಿಯುತ್ತಿರಲಿಲ್ಲ. ನಿಧಾನಕ್ಕೆ ಅಂಗಳಕ್ಕೆ ಬರುವಾಗಲೇ ಹೀಗಾದರೆ, ಮಳೆ ಬಿದ್ದ ಹೆದ್ದಾರಿಯಲ್ಲಿ ಆ ಅಂಚಿನ ಮೇಲೆ ಇಡೀ ಕಾರಿನ ಭಾರ ಬಿದ್ದಾಗ ಅದು ಎಷ್ಟು ಹಿಡಿದೀತು? ಎತ್ತಿನಗಾಡಿ ಎತ್ತಿನ ನಡಿಗೆಯಲ್ಲಿ ತಿರುಗುತ್ತದೆ. ಅದಕ್ಕೆ ಹಿಡಿತದ ಕೆಲಸವೇ ಇಲ್ಲ.

ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದೆ. ಬೇರೆ ಹೊತ್ತು ಮಾವ ನನಗೆ ಸಿಗುತ್ತಿರಲಿಲ್ಲ.

"ಮಾವಾರ, ಗಾಲಿ ಹೊರಗ ವಾಲಿದ್ದಕ್ಕ ಕಾರು ತಿರುಗಂಗಿಲ್ರಿ. ಅಂಗಳದಾಗ ಜಾಡು ನೋಡ್ರಿ, ಅರ್ಧ ಗಾಲಿನೇ ನೆಲಕ್ಕ ಹತ್ತಾಕತ್ತದ."

ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಸಗಣಿ ಬಳ್ಯಾಕ ಹಚ್ಚಿದ್ರ ಗಾಲಿ ಎಣಿಸಾಕತ್ತಾಳ ನಮ್ಮವ್ವ."

ಮೈದುನ ನಕ್ಕ. "ವೈನಿ, ನಾಳಿಂದ ನೀವ ಹೊಡೀರಿ. ನಾ ಅಂಗಳಾ ಸಾರಸ್ತೀನಿ."

"ಆ ದಿನ ಇವರು ನಿದ್ದಿ ಮಾಡಿರಲಿಲ್ರಿ," ಎಂದೆ. "ನಾ ಕೈ ನೋಡೀನಿ. ಪೂರಾ ತಿರುಗಿಸಿದ್ರು."

"ಗಂಡಗ ಹೆಂಡ್ತಿ ಸಾಕ್ಷಿ. ಚಲೋ ಆಯ್ತು," ಎಂದರು ಮಾವ. "ಇನ್ನ ನಾಯಿ ಬಾಲಕ್ಕ ನಾಯಿ ಸಾಕ್ಷಿ."

ನನಗೆ ಹೆಚ್ಚು ಚುಚ್ಚಿದ್ದು ಅದಲ್ಲ. ಗಂಡ ತಟ್ಟೆಯಿಂದ ತಲೆ ಎತ್ತದೆ, "ನೀ ಸುಮ್ಮನಿರು," ಎಂದರು. ಕೋಣೆಗೆ ಹೋದ ಮೇಲೂ ಅವರ ಸಿಟ್ಟು ಇಳಿದಿರಲಿಲ್ಲ. "ಸೀರಿ ಸೆರಗಿನ ಹಿಂದ ಅಡಗ್ಯಾನ ಅಂತಾರ. ಅಷ್ಟ ಉಳಿದಿತ್ತು, ಅದೂ ಮಾಡಿದಿ."

"ಹುಡುಗಿ ದಿನಾ ಅದರಾಗ ಹೋಗ್ತದಲ್ರಿ."

ಅವರು ಗೋಡೆಯ ಕಡೆ ಹೊರಳಿದರು, ಎಲುಬು ನೋಯಿಸಿಕೊಂಡು ಮತ್ತೆ ಈ ಕಡೆ ಹೊರಳಿದರು.

ಮರುದಿನ ಮುಂಜಾನೆ ಮೈದುನ ಹಾರ್ನ್ ಹೊಡೆದಾಗ ನಾನು ಮಗಳ ಕೈ ಹಿಡಿದು ಕಾರಿನ ಪಕ್ಕದಿಂದ ಹಾದು ಗೇಟು ದಾಟಿದೆ. ಬಸ್ ಸ್ಟ್ಯಾಂಡಿಗೆ ನಡೆದು, ಸರಕಾರಿ ಬಸ್ಸು ಹತ್ತಿ ಅವಳನ್ನು ಶಾಲೆಗೆ ಬಿಟ್ಟು ಬಂದೆ. ಸಂಜೆ ಮತ್ತೆ ಹೋಗಿ ಕರೆತಂದೆ. ಅದರ ಮರುದಿನವೂ ಹಾಗೇ ಮಾಡಿದೆ. ಬಸ್ಸಿನಲ್ಲಿ ನನಗೆ ವಾಂತಿಯಾಯಿತು. ಮಗಳು ತನ್ನ ನೀರಿನ ಬಾಟಲಿ ಕೊಟ್ಟಳು.

ಕಲ್ಯಾಣ ಸಣ್ಣ ಊರು. ಮನೆ ಮುಂದೆ ಕಾರು ಇಟ್ಟುಕೊಂಡವರ ಮೊಮ್ಮಗಳು ಬಸ್ಸಿನಲ್ಲಿ ನಿಂತು ಹೋಗುತ್ತಾಳೆ ಎಂಬುದು ಗಂಜಿನವರೆಗೂ ತಲುಪಿತು. ಅಂಗಡಿಯಲ್ಲಿ ಯಾರೋ ಮಾವನನ್ನು, ಸಾವಕಾರ್ರ, ಕಾರು ಮಾರಿದ್ರೇನು, ಎಂದು ಕೇಳಿದರಂತೆ. ಆ ಸಂಜೆ ಅವರು ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕರೆದರು.

"ನನ್ನ ಇಜ್ಜತ್ ರಸ್ತಾದ ಮ್ಯಾಲ ಹಾಕಬೇಕಂತ ಮಾಡಿಯೇನು?"

"ಇಲ್ರಿ."

"ಮತ್ತ ಕಾರಿನಾಗ ಯಾಕ ಕೂಡ್ಸಂಗಿಲ್ಲ?"

"ಗಾಲಿ ಸರಿ ಮಾಡಿಸ್ರಿ. ಕೂಡಸ್ತೀನಿ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದೆ. ಮಾವ ಚಪ್ಪಲಿ ಬಿಟ್ಟು ಒಳಗೆ ಬಂದರು.

"ನಾಳಿ ಮಿಸ್ತ್ರಿ ಕಡೆ ನಡಿ. ಎಲ್ಲಾರೂ ಬರ್ರಿ. ಅಲ್ಲೇ ಹೇಳು, ನಾಕ ಮಂದಿ ಮುಂದ. ನಿನ್ನ ಬಾಯಿ ಎಷ್ಟ ಅದ ನೋಡೂಣು."

ಹೋದೆವು. ಮೈದುನ ಓಡಿಸಿದ, ಮಾವ ಮುಂದೆ, ನಾನೂ ಗಂಡನೂ ಹಿಂದೆ. ಗಂಡನ ಎಲುಬು ಕೂಡಿತ್ತು, ಭುಜ ಇನ್ನೂ ಬಿಗಿಯಾಗಿತ್ತು. ಮಗಳನ್ನು ಶಾಲೆಗೆ ಬಸ್ಸಿನಲ್ಲಿ ಮುಂಚೆಯೇ ಬಿಟ್ಟು, ನಾನು ಹುಮನಾಬಾದಿನಲ್ಲಿ ಕಾಯಬಹುದಿತ್ತು. ಆದರೆ ಮಾವ ನನ್ನನ್ನು ಕಾರಿನಲ್ಲೇ ಕೂಡಿಸಿ ಒಯ್ಯಬೇಕೆಂದರು, ಹಾಗಾಗಿ ಪಕ್ಕದ ಮನೆಯವರ ಜೊತೆ ಮಗಳನ್ನು ಬಸ್ಸಿಗೆ ಹತ್ತಿಸಿದ್ದೆ.

ಮಿಸ್ತ್ರಿ ವಿಷಯ ಕೇಳಿದೊಡನೆ ಕೈ ಝಾಡಿಸಿದ. "ಸಾವಕಾರ್ರ, ಹೊರಗ ಅಂದ್ರಿ, ಹೊರಗ ಮಾಡಿದೆ. ಒಳಗ ಅಂದ್ರ ಒಳಗ. ನಾಳಿ ಕಾರಿನ ಚತ್ತಿನ ಮ್ಯಾಲ ಕೂಡ್ಸಂದ್ರ ಅಲ್ಲೂ ಕೂಡಸ್ತೀನಿ. ನನ್ನ ಮ್ಯಾಲ ಬರಬ್ಯಾಡ್ರಿ."

"ನಿನ್ನ ಮ್ಯಾಲ ಯಾರ ಬಂದಾರ? ಈಕಿ ಬಂದಾಳ," ಎಂದರು ಮಾವ. "ಹೇಳು, ವಕೀಲಕಿ."

ಅಲ್ಲಿ ಲಾರಿ ಡ್ರೈವರುಗಳು ಚಹಾ ಕುಡಿಯುತ್ತ ನಿಂತಿದ್ದರು. ನಾನು ಮುಂದಿನ ಗಾಲಿಗಳು ಹಿಂದಿನವುಗಳ ಹಾಗೆ ನೆಟ್ಟಗೆ ನಿಲ್ಲಲಿ ಎಂದೆ.

"ಹಿಂದಿನವು ಜಗ್ಗಂಗಿಲ್ಲ, ಹೊರಳಂಗಿಲ್ಲ, ಸುಮ್ಮ ಬರ್ತಾವ," ಎಂದ ಮಿಸ್ತ್ರಿ. "ಇದು ಹೊಲಿಗಿ ಮಷಿನ್ ಅಲ್ರಿ ಅಕ್ಕೋರ."

ಯಾರೋ ನಕ್ಕರು. ಆಗ ಗಂಡ ಮಾತಾಡಿದರು, ನನ್ನ ಕಡೆ ನೋಡದೆ. "ನೆಟ್ಟಗ ನಿಲ್ಲಿಸಿದ್ರೂ ಸಾಲಂಗಿಲ್ಲ. ತಿರುವಿನಾಗ ಗಾಡಿ ಮೈ ಹೊರಳ್ತದ. ಅದರ ಜೋಡಿ ಗಾಲಿ ಹೊರಗ ಹೋಗ್ತದ. ಜರಾ ಒಳಗ ವಾಲಿಸು, ಹೊರಳಿದಾಗ ನೆಟ್ಟಗ ಆಗ್ತದ."

"ಒಳಗ ವಾಲಿಸಿದ್ರ ಒಳಗಿನ ಅಂಚು ತಿಂತದ," ಎಂದ ಮಿಸ್ತ್ರಿ.

"ತಿನ್ಲಿ."

ಮಾವ ಮಗನ ಮುಖ ನೋಡಿದರು. "ನಿಮ್ಮಪ್ಪಂದ ಟೈರ್, ನಿನಗೇನು ತಿನ್ಲಿ ಅನ್ನಾಕ."

"ಆ ದಿನ ಎಲುಬು ನಂದ ಇತ್ತು," ಎಂದರು ಗಂಡ.

"ಇವ ಹೇಳಿದಂಗ ಮಾಡು, ನೋಡೂಣು," ಎಂದು ಮಾವ ಮಿಸ್ತ್ರಿಗೆ ಕೈ ಬೀಸಿದರು. ಮಿಸ್ತ್ರಿ ಜಾಕ್ ಕೊಟ್ಟು ಕಾರಿನ ಮೂತಿ ಎತ್ತಿದ. ಗಾಲಿ ಬಿಚ್ಚಿದ. ಶಾಕ್ ಅಬ್ಸಾರ್ಬರಿನ ಕಾಲಿಗೆ ಗಾಲಿಯ ನಡುವಿನ ಗುಂಬ ಕಚ್ಚಿಕೊಳ್ಳುವಲ್ಲಿ ಎರಡು ಬೋಲ್ಟುಗಳಿದ್ದವು. ಹಿಂದೆ ಅವನೇ ಉಜ್ಜಿದ್ದ ಉದ್ದ ತೂತಿನಲ್ಲಿ ಅವು ಹೊರ ತುದಿಗೆ ಬಂದು ನಿಂತಿದ್ದವು. ಸಡಿಲಿಸಿ, ಕಬ್ಬಿಣದ ಸಲಾಕೆ ಒತ್ತಿ ಒಳ ತುದಿಯ ಕಡೆ ಸರಿಸಿದ. ಬಿಗಿದ. ಇನ್ನೊಂದು ಕಡೆಯೂ ಹಾಗೇ. ಗಾಲಿ ಹಾಕಿ, ಕಾರು ಇಳಿಸಿ, ಮೂತಿಯನ್ನು ಕೈಯಿಂದ ಒತ್ತಿ ಒತ್ತಿ ಕುಣಿಸಿದ, ಸ್ಪ್ರಿಂಗು ತನ್ನ ಜಾಗಕ್ಕೆ ಕೂಡಲಿ ಎಂದು. ಮಡಗಾರ್ಡಿನಿಂದ ದಾರಕ್ಕೆ ಒಂದು ನಟ್ಟು ಕಟ್ಟಿ ಇಳಿಬಿಟ್ಟ. ದಾರಕ್ಕೂ ಗಾಲಿಯ ಕಬ್ಬಿಣದ ಬಟ್ಟಲಿಗೂ ನಡುವಿನ ಜಾಗ ಕೆಳಗಿನದಕ್ಕಿಂತ ಮೇಲೆ ತುಸು ಹೆಚ್ಚಿರಬೇಕು. ಬಲಗಡೆ ಹೆಚ್ಚಾಗಿತ್ತು, ಎಡಗಡೆ ಇರಲಿಲ್ಲ. ಮತ್ತೆ ಬಿಚ್ಚಿದ, ಬೈಯುತ್ತ. ಗಂಡ ಬಗ್ಗಿ ದಾರದ ಹಿಂದೆ ಕಿರುಬೆರಳು ತೂರಿಸಿ ಎರಡೂ ಬದಿ ಒಂದೇ ಆಗುವವರೆಗೆ ಅವನನ್ನು ಬಿಡಲಿಲ್ಲ.

ಅಷ್ಟಕ್ಕೆ ಮುಗಿಯಲಿಲ್ಲ. ಗಾಲಿಯ ತಲೆ ಸರಿಸಿದರೆ ಅದರ ಮೂತಿಯೂ ಸರಿಯುತ್ತದೆ. ಹಿಂದಿನ ಟೈರಿನಿಂದ ಮುಂದಿನ ಟೈರಿನವರೆಗೆ ಎರಡೂ ಬದಿಗೆ ದಾರ ಎಳೆದು ಹಿಡಿದಾಗ, ಮುಂದಿನ ಗಾಲಿಗಳು ಪಾರಿವಾಳದ ಕಾಲಿನಂತೆ ಒಂದನ್ನೊಂದು ನೋಡುತ್ತಿದ್ದವು. ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಕಂಬಿಯ ನಟ್ಟು ಸಡಿಲಿಸಿ ಮಿಸ್ತ್ರಿ ಅವನ್ನು ನೆಟ್ಟಗೆ ತಂದ. ಗಂಡ ಹೇಳಿದ್ದಕ್ಕೆ, ದಾರದ ದಪ್ಪದಷ್ಟು ಹೊರಗೆ ಬಿಟ್ಟ. ಹಾಗೆ ಬಿಟ್ಟರೆ ಸ್ಟೇರಿಂಗ್ ಹಿಡಿದ ಕೂಡಲೇ ಮೂತಿ ತಿರುಗುತ್ತದೆ, ಆದರೆ ನೆಟ್ಟಗಿನ ರಸ್ತೆಯಲ್ಲಿ ಕೈ ಹುಷಾರಾಗಿರಬೇಕು ಎಂದ. ಮಾವ ಅಷ್ಟು ಹೊತ್ತೂ ಬೆನ್ನು ಮಾಡಿ ಹೆದ್ದಾರಿ ನೋಡುತ್ತ ನಿಂತಿದ್ದರು.

"ಟೈರ್ ತಿಂದ್ರ ನನ್ನ ಕಡೆ ಬರಬ್ಯಾಡ್ರಿ," ಎಂದು ಮಿಸ್ತ್ರಿ ಮತ್ತೊಮ್ಮೆ ಹೇಳಿ ಕೈ ಒರೆಸಿಕೊಂಡ.

ಶಾಲೆ ಬಿಡುವ ಹೊತ್ತಾಗಿತ್ತು. ಮಗಳು ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಮಾವ ಕಾರು ನಿಲ್ಲಿಸಲು ಹೇಳಿ, ತಾವೇ ಹಿಂದಿನ ಬಾಗಿಲು ತೆಗೆದರು. "ಈಗ ಗಾಲಿ ನೀ ಹೇಳಿದಂಗ ಆಗ್ಯಾವ. ಕೂಡ್ಸು ನೋಡೂಣು."

ಅದು ನನಗೆ ಹಾಕಿದ ಸವಾಲು. ಕೂಡಿಸದಿದ್ದರೆ ನನ್ನ ಮಾತೇ ಸುಳ್ಳು. ಆದರೆ ಗಾಲಿ ಒಳಗೆ ವಾಲಿದ್ದನ್ನು ನಾನು ಕಂಡಿದ್ದೆ. ಕಾರು ತಿರುಗಿದ್ದನ್ನು ಕಂಡಿರಲಿಲ್ಲ. ರಾಜೇಶ್ವರದವರೆಗೆ ರಸ್ತೆ ನೆಟ್ಟಗಿತ್ತು. ಅಲ್ಲಿಯವರೆಗೆ ಕೂಡಿಸುತ್ತೇನೆ, ತಿರುವಿನ ಮೊದಲು ನಾನೂ ಅವಳೂ ಇಳಿಯುತ್ತೇವೆ, ನೀವು ಮೊದಲು ಹೋಗಿ ಬನ್ನಿ ಎಂದೆ. ಮಾವ ಬಾಯಿಯಲ್ಲಿದ್ದ ಎಲೆಯಡಿಕೆ ಉಗುಳಿ ಒಳಗೆ ಕುಳಿತರು.

ತಿರುವಿನ ಈಚೆ ಕಾರು ನಿಂತಿತು. ಸಣ್ಣಗೆ ಮಳೆ ಹನಿಯುತ್ತಿತ್ತು. ನಾನು ಮಗಳನ್ನು ಕರೆದುಕೊಂಡು ರಸ್ತೆ ದಾಟಿ ತಿರುವಿನ ಒಳಬದಿಗೆ, ರಸ್ತೆಯಿಂದ ತುಸು ಆಚೆ, ಒಂದು ಕಲ್ಲುಗುಂಪಿಯ ಹಿಂದೆ ನಿಂತೆ. ಕಾರಿನ ಕಿಟಕಿ ತೆರೆದೇ ಇತ್ತು. ಒಳಗಿನ ಮಾತು ಕೇಳಿಸುತ್ತಿತ್ತು.

"ಆ ದಿನ ಎಷ್ಟ ಜೋರು ಇತ್ತೋ ಅಷ್ಟ ಹೊಡಿ," ಎಂದರು ಮಾವ ಮೈದುನನಿಗೆ.

ಮೈದುನ ಹೊರಡಲಿಲ್ಲ. "ಅಷ್ಟ ಜೋರು ನಾ ಹೋಗಂಗಿಲ್ಲಪ್ಪಾ."

"ಯಾಕ?"

"ನಾ ಇಲ್ಲಿ ಯಾವಾಗ್ಲೂ ಹಗರಕ ಹೋಗ್ತೀನಿ. ತಿರಗಂಗಿಲ್ಲ ಇದು."

ಮಾವ ಪೂರಾ ಅವನ ಕಡೆ ತಿರುಗಿದರು.

"ಮತ್ತ ಇಷ್ಟ ದಿನಾ ಹೇಳಲಿಲ್ಲ?"

"ನೀವು ಕೇಳಲಿಲ್ಲ," ಎಂದ ಮೈದುನ. "ಹೇಳಿದ್ರ ನನಗೂ ನಿದ್ದಿ ಹತ್ತಿತ್ತು ಅಂತಿದ್ರಿ."

ನನಗೆ ಆ ಮಾತು ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವನು ದಿನಾ ನನ್ನ ಮಗಳನ್ನು ಹಿಂದೆ ಕೂಡಿಸಿಕೊಂಡು, ಇದು ತಿರುಗುವುದಿಲ್ಲ ಎಂದು ತಿಳಿದೇ ಇಲ್ಲಿಂದ ಹಾದುಹೋಗಿದ್ದ. ಊಟಕ್ಕೆ ಕುಳಿತಾಗ ನನ್ನ ಮಾತಿಗೆ ನಕ್ಕಿದ್ದ. ಅಣ್ಣನ ಮೇಲೆ ಬಂದ ಹೆಸರನ್ನು ನೋಡುತ್ತ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದ.

ಗಂಡ ಹಿಂದಿನ ಬಾಗಿಲು ತೆಗೆದು ಇಳಿದು, ಮುಂದಿನ ಬಾಗಿಲಿಗೆ ಬಂದರು. "ಇಳಿ," ಎಂದರು ತಮ್ಮನಿಗೆ. ಮೈದುನ ಇಳಿದು ಮಳೆಯಲ್ಲೇ ನಿಂತ. ಗಂಡ ಕುಳಿತರು. ಮಾವ ಇಳಿಯಲಿಲ್ಲ. ಇಳಿಯಬಹುದಿತ್ತು, ಅದನ್ನು ನಾನು ಅವರ ಲೆಕ್ಕಕ್ಕೆ ಬರೆಯಲೇಬೇಕು.

ಗಂಡ ಹಿಂದಕ್ಕೆ ಬಹಳ ದೂರ ಹೋಗಿ ತಿರುಗಿಸಿಕೊಂಡು ಬಂದರು. ಎದುರಿನಿಂದ ಲಾರಿ ಬರುತ್ತಿದ್ದರೆ ಕೈ ಎತ್ತಿ ತೋರಿಸು ಎಂದು ತಮ್ಮನಿಗೆ ಹೇಳಿದ್ದರು. ರಸ್ತೆ ಖಾಲಿ ಇತ್ತು. ಮೊದಲ ಸಲ ಅವರು ಹಗುರಕ್ಕೆ ಬಂದರು, ಕಾರು ಸುಮ್ಮನೆ ಹೊರಳಿ ಹೋಯಿತು. ಮರಳಿ ಬರುವಾಗ ಮಾವ ಕಿಟಕಿಯಿಂದ ಕೈ ಹೊರಗೆ ಹಾಕಿ ಏನೋ ಹೇಳುತ್ತಿದ್ದದ್ದು ಕಂಡಿತು. ಎರಡನೆಯ ಸಲ ಕಾರು ಆ ದಿನದ ವೇಗದಲ್ಲಿ ಬಂತು. ನಾನು ಗಂಡನ ಕೈ ನೋಡಲಿಲ್ಲ, ಗಾಲಿ ನೋಡಿದೆ. ಕಾರಿನ ಮೈ ಎಡಕ್ಕೆ ವಾಲಿತು. ಎದುರಿಗೇ ಬರುತ್ತಿದ್ದುದರಿಂದ ನನಗೆ ಕಾಣುತ್ತಿದ್ದ ಮುಂದಿನ ಎಡಗಾಲಿ, ಒಳಗೆ ವಾಲಿದ್ದದ್ದು, ಆ ಭಾರಕ್ಕೆ ನೆಟ್ಟಗೆ ನಿಂತಿತು. ನೀರು ಅದರ ಎರಡೂ ಅಂಚಿನಿಂದ ಸಮನಾಗಿ ಚಿಮ್ಮಿತು. ಚರ್ಮ ಉಜ್ಜಿದ ಸದ್ದು ಬರಲಿಲ್ಲ. ಕಾರು ರಸ್ತೆಯ ಜೊತೆ ಹೊರಳಿ ಕಣ್ಮರೆಯಾಯಿತು. ಮಗಳ ಕೈಯನ್ನು ನಾನು ಎಷ್ಟು ಬಿಗಿ ಹಿಡಿದಿದ್ದೆ ಎಂದರೆ ಅವಳು ಅಳತೊಡಗಿದ್ದಳು.

ವಾಪಸು ಬಂದು ನಿಂತಾಗ ಮಾವ ಮುಂದೆ ನೋಡುತ್ತಲೇ ಇದ್ದರು.

"ಟೈರ್ ಹೋಗ್ತದ," ಎಂದರು.

ಗಂಡ ಕಾಯುತ್ತಿದ್ದರು. ಬೇರೆ ಮಾತಿಗಾಗಿ ಕಾಯುತ್ತಿದ್ದರು ಎಂದು ನನಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಮಾವ ಕರವಸ್ತ್ರದಿಂದ ಕಿಟಕಿಯ ಗಾಜು ಒರೆಸಿದರು. ಗಂಡ ಇಳಿದು ಕೀಲಿಯನ್ನು ತಮ್ಮನ ಕಡೆ ಎಸೆದರು. "ನೀನ ಹೊಡಿ. ನಾ ಇನ್ನ ಇದನ್ನ ಮುಟ್ಟಂಗಿಲ್ಲ. ಆದ್ರ ಹುಡುಗಿ ಇದ್ದಾಗ ಹಗರಕ ಹೋಗು. ಗಾಲಿ ಸರಿ ಆಗ್ಯಾವಂತ ಮೆರೀಬ್ಯಾಡ." ಹಾಗೆಂದು ರಾಜೇಶ್ವರದ ಕಡೆ, ಬಸ್ಸು ನಿಲ್ಲುವಲ್ಲಿಗೆ, ಮಳೆಯಲ್ಲೇ ನಡೆದ ಅವರನ್ನು ನಾನು ಕರೆಯಲಿಲ್ಲ. ಕೊಟ್ಟ ಮಾತಿನಂತೆ ಮಗಳನ್ನು ಕಾರಿನಲ್ಲಿ ಕೂಡಿಸಿ, ನಾನೂ ಪಕ್ಕದಲ್ಲಿ ಕುಳಿತೆ.

ಮರುದಿನದಿಂದ ಅವಳು ಕಾರಿನಲ್ಲೇ ಹೋದಳು. ಗಂಡ ಅಂಗಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು, ಕಾರು ಹೊರಟ ಮೇಲೆ. ತಂದೆ ಮಕ್ಕಳು ಗಂಜಿನಲ್ಲಿ ಒಂದೇ ಗಾದಿಯ ಮೇಲೆ ಕುಳಿತು, ಕಾಳಿನ ಮಾತು ಬಿಟ್ಟು ಬೇರೆ ಮಾತಾಡದೆ ದಿನ ಕಳೆಯುತ್ತಿದ್ದರು. ಬೀಗರು ಬಂದಾಗ ಮಾವ ಅಪಘಾತದ ಕತೆ ಹೇಳುತ್ತಿದ್ದರು. ಅದರಲ್ಲಿ ಹುಡುಗ ಇನ್ನೂ ತೂಕಡಿಸುತ್ತಿದ್ದ.

ಚಳಿ ಮುಗಿಯುವ ಹೊತ್ತಿಗೆ ಮುಂದಿನ ಟೈರುಗಳು ಮಿಸ್ತ್ರಿ ಹೇಳಿದಂತೆಯೇ ಒಳ ಅಂಚಿನಲ್ಲಿ ಸವೆದು ನೂಲು ಬಿಟ್ಟವು. ಮಾವ ಒಂದನ್ನು ಬಿಚ್ಚಿಸಿ, ಅದರ ಜಾಗಕ್ಕೆ ಸ್ಟೆಪ್ನಿ ಹಾಕಿಸಿ, ಉರುಳಿಸಿಕೊಂಡು ಬಂದು, ನಾನು ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಆನಿಸಿ ನಿಲ್ಲಿಸಿದರು. ಸವೆದ ಕಡೆ ನನ್ನ ಮುಖಕ್ಕೆ ಬರುವಂತೆ ತಿರುಗಿಸಿದರು.

"ನೋಡಿದೇನು?"

"ನೋಡಿದೆರಿ."

"ಮತ್ತ?"

ನಾನು ಹಂಚಿನ ಮೇಲಿನ ರೊಟ್ಟಿ ಮಗುಚಿದೆ. "ಹೊಸಾದು ಹಾಕಿಸ್ರಿ ಮಾವಾರ. ಗಾಲಿ ಹಂಗ ಇರ್ಲಿ."

ಅವರು ಟೈರನ್ನು ಅಲ್ಲೇ ಬಿಟ್ಟು ಹೋದರು. ಹೊರಗೆ ಮೈದುನ ಹಾರ್ನ್ ಹೊಡೆದ. ನಾನು ಟೈರನ್ನು ದಾಟಿ ಹೋಗಿ, ಮಗಳನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ ಬಾಗಿಲು ಹಾಕಿದೆ.